ಪೆರುವಿನಿಂದ ಬಂದ 13 ಉಂಗುರಗಳು

1944ರ ಮೇ ತಿಂಗಳು. ಜಗತ್ತೆಲ್ಲ ಯುದ್ಧದಲ್ಲಿ ಮುಳುಗಿದ್ದಾಗ ಪೆರು ದೇಶದ ಲೀಮಾ ನಗರದಲ್ಲಿದ್ದ ಅಮೆರಿಕದ ರಾಯಭಾರ ಕಚೇರಿ ವಾಷಿಂಗ್ಟನ್ನಿಗೆ ಒಂದು ಟಿಪ್ಪಣಿ ಕಳಿಸಿತು. ಈಶಾನ್ಯ ಪೆರುವಿನ ಯಾನಾಯಾಕು ನದಿಯ ಕಡೆಯ ಕಾಡಿನಲ್ಲಿ ಮೂಲನಿವಾಸಿಗಳು ಹಕ್ಕಿಗಳನ್ನು ಹೊಡೆದಿದ್ದಾರೆ, ಅವುಗಳ ಕಾಲಲ್ಲಿ ಪುಟ್ಟ ಲೋಹದ ಉಂಗುರಗಳಿದ್ದವು, ಒಟ್ಟು 13. ಟಿಪ್ಪಣಿಯ ಸಾರ ಇಷ್ಟೇ. ಇಡೀ ಉತ್ತರ ಅಮೆರಿಕದ ಪಕ್ಷಿತಜ್ಞರನ್ನು ತಲೆಮಾರುಗಳಿಂದ ಕಾಡಿದ್ದ ಪ್ರಶ್ನೆಗೆ ಉತ್ತರ ಅದರಲ್ಲಿತ್ತು.

ಹಕ್ಕಿ ಯಾವುದೆಂದರೆ ಚಿಮಣಿ ಬಾನಾಡಿ. ನಮ್ಮಲ್ಲಿ ಹಳೆಯ ದೇವಸ್ಥಾನದ ಮಾಡುಗಳಲ್ಲಿ, ಕೋಟೆಗಳ ಕಮಾನುಗಳಲ್ಲಿ ಗೂಡು ಕಟ್ಟಿ ಸಂಜೆ ಚೀರುತ್ತ ಸುತ್ತುವ ಬಾನಾಡಿಗಳ ಕುಲದ್ದೇ. ಮಸಿಬಣ್ಣದ ಮೈ, ಕುಡುಗೋಲಿನಂತೆ ಬಾಗಿದ ರೆಕ್ಕೆ, ತೂಕ 25 ಗ್ರಾಮಿಗೂ ಕಡಿಮೆ. ಕೊಂಬೆಯ ಮೇಲೆ ಕೂರಲು ಬಾರದ ಕಾಲು. ಲಂಬವಾದ ಗೋಡೆಗೆ ಉಗುರು ಚುಚ್ಚಿ ನೇತಾಡುವುದೇ ಅದರ ವಿಶ್ರಾಂತಿ. ಒಂದು ಕಾಲದಲ್ಲಿ ಟೊಳ್ಳಾದ ದೊಡ್ಡ ಮರಗಳಲ್ಲಿ ವಾಸವಿತ್ತು. ಕೆಂಟಕಿಯ ಲೂಯಿವಿಲ್ ಬಳಿ ಒಂದೇ ಸಿಕಮೋರ್ ಮರದೊಳಗೆ ಸುಮಾರು 9,000 ಹಕ್ಕಿ ಮಲಗುತ್ತವೆಂದು ಪಕ್ಷಿ ಚಿತ್ರಕಾರ ಆಡುಬಾನ್ ಅಂದಾಜು ಮಾಡಿದ್ದ. ವಲಸೆ ಬಂದ ಬಿಳಿಯರು ಆ ಮರಗಳನ್ನು ಕಡಿದು ಊರು ಕಟ್ಟಿದರು. ಹಕ್ಕಿಗಳು ಊರಿನ ಹೊಗೆಗೂಡುಗಳಿಗೆ ಇಳಿದವು.

ಹೀಗೆ ಮನುಷ್ಯನ ಮನೆಯೊಳಗೇ ಇದ್ದ ಹಕ್ಕಿ ಚಳಿಗಾಲದಲ್ಲಿ ಎಲ್ಲಿರುತ್ತದೆ ಎನ್ನುವುದು ಯಾರಿಗೂ ತಿಳಿದಿರಲಿಲ್ಲ. ಶರತ್ಕಾಲದಲ್ಲಿ ಹಿಂಡುಹಿಂಡಾಗಿ ದಕ್ಷಿಣಕ್ಕೆ ಸರಿದು ಮೆಕ್ಸಿಕೋ ಕೊಲ್ಲಿಯ ದಡ ಮುಟ್ಟುತ್ತಿದ್ದವು, ಆಮೇಲೆ ಸುಳಿವಿಲ್ಲ. ಮಾರ್ಚ್ ಕೊನೆಗೆ ಅದೇ ದಡದ ಮೇಲೆ ಮತ್ತೆ ಚಿಲಿಪಿಲಿ. ಕೆರೆಯ ಕೆಸರಿನಲ್ಲಿ ಹುದುಗಿ ನಿದ್ದೆ ಹೋಗುತ್ತವೆಂಬ ಹಳೆಯ ನಂಬಿಕೆಯೇ ನಿಜವಾಗಿದ್ದರೂ ಅವು ಇದಕ್ಕಿಂತ ಪೂರ್ತಿಯಾಗಿ ಮರೆಯಾಗಲು ಸಾಧ್ಯವಿರಲಿಲ್ಲ ಎಂದು ವಲಸೆಯ ದೊಡ್ಡ ಅಧ್ಯಯನಕಾರ ವೆಲ್ಸ್ ಕುಕ್ ಅಚ್ಚರಿಪಟ್ಟಿದ್ದ. ದಕ್ಷಿಣ ಅಮೆರಿಕದ ಆಕಾಶದಲ್ಲಿ ಇದನ್ನೇ ಹೋಲುವ ಬೇರೆ ಜಾತಿಯ ಬಾನಾಡಿಗಳು ಬೇಕಾದಷ್ಟಿವೆ. ಎತ್ತರದಲ್ಲಿ ಹಾರುವ ಹಕ್ಕಿಯನ್ನು ಬರಿಗಣ್ಣಿಂದ ನೋಡಿ ಇದು ಅದೇ ಎಂದು ಹೇಳುವ ಹಾಗಿರಲಿಲ್ಲ. ಗುರುತು ಹಕ್ಕಿಯ ಮೈಮೇಲೇ ಇರಬೇಕಿತ್ತು.

ಗುರುತಿಡುವ ಉಪಾಯ ಡೆನ್ಮಾರ್ಕಿನ ವೀಬೊರ್ ಎಂಬ ಊರಿನ ಶಾಲಾ ಶಿಕ್ಷಕ ಮಾರ್ಟೆನ್ಸೆನ್ ಅವರದು. 1899ರಲ್ಲಿ ಅವರು ಕಬ್ಬಕ್ಕಿ ಕುಲದ ಹಕ್ಕಿಗಳ ಕಾಲಿಗೆ ಸಂಖ್ಯೆ, ವಿಳಾಸ ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟರು. ಅಮೆರಿಕದಲ್ಲಿ 1920ರಿಂದ ಸರ್ಕಾರವೇ ಈ ಕೆಲಸ ಕೈಗೆತ್ತಿಕೊಂಡಿತು, ಹೊಣೆ ಫ್ರೆಡರಿಕ್ ಲಿಂಕನ್ ಅವರಿಗೆ ಬಂತು. ಉಂಗುರ, ದಾಖಲೆ ಪುಸ್ತಕ ಸರ್ಕಾರದ್ದು. ಹಕ್ಕಿ ಹಿಡಿಯುವ ಕೈಗಳು ಮಾತ್ರ ಬಹುಪಾಲು ಸ್ವಯಂಸೇವಕರವು. ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ ಬೆನ್ ಕಾಫಿ ಎಂಬ ಹವ್ಯಾಸಿ ಸ್ಕೌಟ್ ಹುಡುಗರನ್ನು ಕಟ್ಟಿಕೊಂಡು ಹೊರಟರು. ನ್ಯಾಶ್‌ವಿಲ್‌ನಲ್ಲಿ ಅಮೀಲಿಯಾ ಲ್ಯಾಸ್ಕಿ ಎಂಬ ಗೃಹಿಣಿಯೂ ಇದೇ ಕೆಲಸಕ್ಕಿಳಿದರು.

ಶರತ್ಕಾಲದ ಆ ವಾರಗಳ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶಾಲೆ, ಕಾರ್ಖಾನೆಗಳ ದೊಡ್ಡ ಹೊಗೆಗೂಡುಗಳ ಮೇಲೆ ಮುಸ್ಸಂಜೆ ನೂರಾರು, ಕೆಲವೊಮ್ಮೆ ಸಾವಿರಾರು ಬಾನಾಡಿಗಳು ವೃತ್ತ ಕಟ್ಟುತ್ತವೆ. ಬೆಳಕು ಕುಂದುತ್ತಿದ್ದಂತೆ ವೃತ್ತ ಕಿರಿದಾಗುತ್ತದೆ, ಹಕ್ಕಿಗಳು ಒಂದೊಂದಾಗಿ ಒಳಗೆ ಸುರಿಯುತ್ತವೆ. ಬೆಳಗಾಗುವ ಮೊದಲೇ ಉಂಗುರದವರು ಚಾವಣಿ ಹತ್ತಿ ಹೊಗೆಗೂಡಿನ ಬಾಯಿಗೆ ಬೋನು ಕೂರಿಸಬೇಕು. ಬೆಳಕು ಕಂಡು ಮೇಲೇರಿದ ಹಕ್ಕಿ ನೇರ ಅದರೊಳಗೆ ಬರುತ್ತದೆ. ಆಮೇಲೆ ಒಂದೊಂದನ್ನೂ ಕೈಗೆ ತೆಗೆದು, ಗಿಡ್ಡ ಕಾಲಿಗೆ ಉಂಗುರ ಸುತ್ತಿ ಇಕ್ಕಳದಿಂದ ಮೆಲ್ಲನೆ ಒತ್ತಿ, ಸಂಖ್ಯೆ ಬರೆದುಕೊಂಡು ಬಿಡಬೇಕು. ಒತ್ತು ಹೆಚ್ಚಾದರೆ ಕಾಲು ಮುರಿದೀತು, ಸಡಿಲವಾದರೆ ಉಂಗುರ ಎಲ್ಲಾದರೂ ಸಿಕ್ಕಿಕೊಂಡೀತು. ಹಸಿದ ಹಕ್ಕಿಯನ್ನು ತಡೆದು ನಿಲ್ಲಿಸುವಂತೆಯೂ ಇಲ್ಲ, ಅದಕ್ಕೆ ಬೇಕಾದ ಹುಳು ಗಾಳಿಯಲ್ಲೇ ಇದೆ. ಉತ್ತರದ ಚಳಿಗಾಳಿ ಬೀಸಿದ ಮೇಲೆ ಹಿಂಡು ಹೊರಟುಹೋದೀತು, ಆದ್ದರಿಂದ ಸಿಕ್ಕ ಬೆಳಗುಗಳನ್ನು ಬಿಡುವ ಹಾಗಿಲ್ಲ. ಹದಿಹರೆಯದ ಹುಡುಗರು ಮಸಿ ಮೆತ್ತಿದ ಕೈಗಳಲ್ಲಿ ವರ್ಷದಿಂದ ವರ್ಷಕ್ಕೆ ಇದನ್ನು ಮಾಡಿದರು. ಸಾವಿರ ಸಾವಿರ ಉಂಗುರಗಳು ಹೋದವು. ಕೊಲ್ಲಿಯ ಆಚೆಯಿಂದ ಒಂದೂ ಉತ್ತರ ಬರಲಿಲ್ಲ.

ಕೊನೆಗೆ ಬಂದ ಆ 13 ಸಂಖ್ಯೆಗಳನ್ನು ದಾಖಲೆಯಲ್ಲಿ ಹುಡುಕಿದಾಗ ಊರುಗಳು ಒಂದೊಂದಾಗಿ ಎದ್ದು ಬಂದವು: ಟೆನೆಸ್ಸಿ, ಇಲಿನಾಯ್, ಕನೆಕ್ಟಿಕಟ್, ಅಲಬಾಮಾ, ಜಾರ್ಜಿಯಾ, ಕೆನಡಾದ ಒಂಟಾರಿಯೊ. ಬೇರೆಬೇರೆ ಜನ, ಬೇರೆಬೇರೆ ಊರಿನ ಹೊಗೆಗೂಡುಗಳಲ್ಲಿ ಉಂಗುರ ತೊಡಿಸಿದ್ದ ಹಕ್ಕಿಗಳೆಲ್ಲ ಒಂದೇ ಕಾಡಿನ ಆಕಾಶದಲ್ಲಿ ಸೇರಿದ್ದವು, ಮೆಂಫಿಸ್‌ನಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ. ಲಿಂಕನ್ ಅದೇ ವರ್ಷ ಈ ಸುದ್ದಿಯನ್ನು ಪಕ್ಷಿವಿಜ್ಞಾನದ ಪತ್ರಿಕೆ ‘ದಿ ಆಕ್’ನಲ್ಲಿ ಪ್ರಕಟಿಸಿದರು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಲಿಂಕನ್ನರಲ್ಲಿಗೆ ಬಂದು ನಿಲ್ಲುತ್ತಾರೆ. ನನಗೆ ಅದು ಅರ್ಧ ಕತೆ. ಬೇಟೆಯಾಡಿದವನು ಆ ಲೋಹದ ಚೂರನ್ನು ನದಿಗೆ ಎಸೆದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಅದು ತಮ್ಮ ಕಾಡಿನದಲ್ಲ ಎಂದು ಗುರುತಿಸಿದ, ಇಟ್ಟುಕೊಂಡ, ಇನ್ನೊಬ್ಬರ ಕೈಗೆ ದಾಟಿಸಿದ ಜನರ ಕುತೂಹಲವೇ ಈ ಶೋಧವನ್ನು ಮುಗಿಸಿಕೊಟ್ಟಿತು. ಕಾಡಿನಿಂದ ರಾಯಭಾರ ಕಚೇರಿಯವರೆಗೆ ಆ ಉಂಗುರಗಳು ಎಷ್ಟೋ ಕೈ ದಾಟಿರಬೇಕು. ಯಾವ ಒಂದು ಕೈಯಲ್ಲಿ ತಪ್ಪಿದ್ದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತಿತ್ತು. ಶೋಧಿಸಿದವರು ಯಾರು ಎಂದು ಕೇಳಿದರೆ ಮೆಂಫಿಸ್‌ನ ಹುಡುಗರ ಜೊತೆಗೆ ಯಾನಾಯಾಕುವಿನ ಬೇಟೆಗಾರರನ್ನೂ ಹೆಸರಿಸಬೇಕು.

ಚಿಮಣಿ ಬಾನಾಡಿಯ ದಾಯಾದಿ ಕಪ್ಪು ಬಾನಾಡಿಯ ಚಳಿಗಾಲದ ನೆಲೆ ತಿಳಿಯಲು 2012 ಆಗಬೇಕಾಯಿತು. ಕೊಲರಾಡೊದ ಹಕ್ಕಿಗಳ ಬೆನ್ನಿಗೆ ಬೆಳಕು ಅಳೆಯುವ ಪುಟ್ಟ ಉಪಕರಣ ಕಟ್ಟಿ, ಮತ್ತೆ ಅವನ್ನೇ ಹಿಡಿದು ನೋಡಿದಾಗ ಪಶ್ಚಿಮ ಬ್ರೆಜಿಲಿನ ಕಾಡು ಗೊತ್ತಾಯಿತು. ಅಲ್ಲೂ ಹಕ್ಕಿಯನ್ನು ಎರಡು ಸಲ ಕೈಯಲ್ಲಿ ಹಿಡಿಯಲೇಬೇಕಿತ್ತು.

ಚಿಮಣಿ ಬಾನಾಡಿಗೆ ಈಗ ಬೇರೆಯೇ ಸಂಕಟ. ಹೊಸ ಕಟ್ಟಡಗಳಿಗೆ ಅಂಥ ಹೊಗೆಗೂಡುಗಳಿಲ್ಲ, ಹಳೆಯವಕ್ಕೆ ಮುಚ್ಚಳ ಬೀಳುತ್ತಿದೆ, ಗಾಳಿಯಲ್ಲಿ ಹುಳುಗಳೂ ಕಡಿಮೆಯಾಗುತ್ತಿವೆ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೀಡಾಗಬಲ್ಲ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಅಮೆರಿಕ, ಕೆನಡಾಗಳಲ್ಲಿ ಕೆಲವರು ಬಾನಾಡಿಗಳಿಗೆಂದೇ ಮರದ ಗೋಪುರ ನಿಲ್ಲಿಸುತ್ತಿದ್ದಾರೆ. ಶರತ್ಕಾಲದ ಸಂಜೆ ಹೊಗೆಗೂಡಿನ ಕೆಳಗೆ ನಿಂತು ಒಳಗಿಳಿಯುವ ಹಕ್ಕಿಗಳನ್ನು ಎಣಿಸಿ ಬರೆದಿಡುತ್ತಿದ್ದಾರೆ.