ನೇತಾಡುವ ಮೈಕಿನ ಕೆಳಗೆ ಚಿಂದೋಡಿ ಲೀಲಾ

ದಾವಣಗೆರೆ ಬಳಿಯ ಕೊಂಡಜ್ಜಿ ಕೆರೆ ಏರಿ ಮೇಲೆ ಮೊನ್ನೆ ಸಿಕ್ಕ ಹಿರಿಯರೊಬ್ಬರು ನಾಟಕ ಕಂಪನಿಗಳಲ್ಲಿ ಪರದೆ ಎಳೆದು, ಸೀನು ಕಟ್ಟಿ ವಯಸ್ಸು ಕಳೆದವರು. ರಂಗನಟಿ ಚಿಂದೋಡಿ ಲೀಲಾ ಹೆಸರೆತ್ತಿದ್ದೇ ತಡ, ಅಲ್ಲಿನ ಸ್ಕೌಟ್ ಕ್ಯಾಂಪಿನ ಕಡೆ ಹೊರಟವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

‘ನಮ್ಮ ದಾವಣಗೆರೆ ಹೆಣ್ಮಗಳು ಕಣ್ರೀ’ ಎಂದವರು ಸೀದಾ ಮೈಕಿನ ವಿಷಯಕ್ಕೆ ಬಂದರು. ಕಂಪನಿ ನಾಟಕದಲ್ಲಿ ಮೈಕು ಕೈಯಲ್ಲಿರುವುದಿಲ್ಲ. ರಂಗದ ಮುಂಭಾಗದಲ್ಲಿ ಮೇಲಿಂದ ವೈರಿಗೆ ನೇತುಬಿದ್ದಿರುತ್ತದೆ. ಗಟ್ಟಿ ಮಾತಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಳುವ ಮಾತಿದ್ದರೆ ಅದರ ಬುಡಕ್ಕೇ ಬರಬೇಕು. ಬಂದದ್ದು ಜನಕ್ಕೆ ಗೊತ್ತಾಗಬಾರದು. ಎದ್ದು ನಿಂತು, ಟವೆಲ್ಲನ್ನೇ ಸೆರಗು ಮಾಡಿಕೊಂಡು, ಕಣ್ಣು ಒರೆಸುತ್ತಲೇ ಎರಡು ಹೆಜ್ಜೆ ಮುಂದೆ ಜಾರಿ ತೋರಿಸಿದರು. ಆ ಎರಡು ಹೆಜ್ಜೆ ನೋಡಿದ ಮೇಲೆ ನಟನೆಯ ಬಗ್ಗೆ ನಾನು ಓದಿದ್ದೆಲ್ಲ ತೆಳುವೆನಿಸಿತು. ಸಿನಿಮಾದಲ್ಲಿ ಒಂದು ದೃಶ್ಯ ಓಕೆ ಆದರೆ ಮುಗಿಯಿತು. ಇಲ್ಲಿ ನಿನ್ನೆ ಅತ್ತಷ್ಟೇ ಇವತ್ತೂ ಅಳಬೇಕು, ಅದೇ ಜಾಗದಲ್ಲಿ. ಲೀಲಾ ಅವರ ‘ಪೊಲೀಸನ ಮಗಳು’ ನಾಟಕ ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಅಷ್ಟು ರಾತ್ರಿ!

ಉಳಿದ ಕಥೆ ಚಿಕ್ಕದಾಗಿ ಹೀಗೆ. ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಕೆಬಿಆರ್ ಡ್ರಾಮಾ ಕಂಪನಿ, ಅದರ ಜೊತೆಗೆ ‘ಕಿತ್ತೂರು ಚೆನ್ನಮ್ಮ’, ‘ಗಾಳಿಗೋಪುರ’, ‘ಶರಪಂಜರ’ದಂಥ ಸಿನಿಮಾಗಳು, 1988ರಲ್ಲಿ ಪದ್ಮಶ್ರೀ. ಲೀಲಾ ತೀರಿಕೊಂಡದ್ದು 2010ರ ಜನವರಿ 21ರಂದು.

‘ಚಿತ್ರನಟಿ’ ಎಂದಷ್ಟೇ ಅವರನ್ನು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸಿನಿಮಾ ಅವರಿಂದ ಪಡೆದದ್ದು ಕಡಿಮೆ. ಲೀಲಾ ಅವರಿಗೆ ಮನೆಯದೇ ಕಂಪನಿಯಿತ್ತು. ನಾಟಕದ ಕ್ಯಾಂಪು ಯಾವ ಊರಲ್ಲೇ ಇರಲಿ, ಗಲ್ಲಾಪೆಟ್ಟಿಗೆ ತುಂಬಿದರಷ್ಟೇ ಬಣ್ಣದವರಿಂದ ಅಡುಗೆಯವರವರೆಗೆ ಎಲ್ಲರ ಊಟ. ನಟನೆ, ಸಂಸಾರ, ವ್ಯವಹಾರ ಒಟ್ಟಿಗೇ ಹೊರುವ ಆ ಬದುಕಿನ ಮುಂದೆ ತಾರಾಪಟ್ಟ ನನಗೆ ಸಣ್ಣದಾಗಿ ಕಾಣುತ್ತದೆ.

ದಾವಣಗೆರೆ, ಹರಿಹರದ ಹಳೆ ಮನೆಗಳ ಅಟ್ಟದಲ್ಲಿ ಈ ಕಂಪನಿಯ ಹ್ಯಾಂಡ್‌ಬಿಲ್ಲು, ಫೋಟೊ, ಟಿಕೆಟ್ಟು ಇದ್ದೇ ಇರುತ್ತವೆ. ದಯವಿಟ್ಟು ರದ್ದಿಗೆ ಹಾಕಬೇಡಿ. ದಾವಣಗೆರೆಯ ವೃತ್ತಿ ರಂಗಭೂಮಿ ರಂಗಾಯಣಕ್ಕೆ ಒಂದು ಪ್ರತಿಯನ್ನಾದರೂ ತಲುಪಿಸಿ.