ಉಪ್ಪನ್ನು ತಾಳುವ ಪಾಲಿಮರ್ ಹನಿಗಳು

ಅಂಕೋಲೆಯ ಉಪ್ಪೆಂದೊಡನೆ 1930ರ ಸತ್ಯಾಗ್ರಹ ನೆನಪಿಗೆ ಬರುವುದು ಸಹಜ. ಇತಿಹಾಸವನ್ನು ಬೋಧಿಸುವ ನಮಗಂತೂ ಅದು ಅನಿವಾರ್ಯ. ಆದರೆ ಇಲ್ಲಿ ನಾವು ವಿಚಾರಿಸಹೊರಟಿರುವುದು ಉಪ್ಪಿನ ಇನ್ನೊಂದು ಗುಣವನ್ನು. ಹುಬ್ಬಳ್ಳಿಯ ಹೆದ್ದಾರಿ ಕರಾವಳಿಯ ಹೆದ್ದಾರಿಯನ್ನು ಕೂಡುವ ಬಾಳೆಗುಳಿಯಿಂದ ದಕ್ಷಿಣಕ್ಕೆ ಸಾಗಿದರೆ ಗಂಗಾವಳಿ ಹೊಳೆ ಎದುರಾಗುತ್ತದೆ. ಮಳೆಗಾಲದಲ್ಲಿ ಅದು ಹೊತ್ತು ತರುವ ಜೇಡಿಕಣಗಳು ಋಣ ವಿದ್ಯುದಂಶವುಳ್ಳವು. ಒಂದನ್ನೊಂದು ದೂರ ತಳ್ಳುತ್ತ ಸಿಹಿನೀರಿನಲ್ಲಿ ತೇಲುತ್ತವೆ. ಅಳಿವೆಯ ಉಪ್ಪುನೀರು ಬೆರೆತಾಗ ಆ ವಿಕರ್ಷಣೆ ಕುಗ್ಗಿ, ಕಣಗಳು ಮುದ್ದೆಗಟ್ಟಿ ತಳಕ್ಕಿಳಿಯುತ್ತವೆ. ಲವಣದ ಅಯಾನುಗಳು ವಿದ್ಯುದಂಶಗಳ ನಡುವೆ ಪರದೆಯಂತೆ ನಿಲ್ಲುವುದೇ ಇದಕ್ಕೆ ಕಾರಣ. ಲೀಟರಿಗೆ ಸುಮಾರು 35 ಗ್ರಾಂ ಲವಣವುಳ್ಳ ಕಡಲ ನೀರಿನಲ್ಲಿ ವಿದ್ಯುದ್ಬಲವು ಅರ್ಧ ನ್ಯಾನೊಮೀಟರಿನಷ್ಟು ದೂರದೊಳಗೇ ಕ್ಷೀಣಿಸುತ್ತದೆ. (ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರು.)

ವಿಕರ್ಷಣೆಯನ್ನು ತಗ್ಗಿಸುವ ಉಪ್ಪು ಆಕರ್ಷಣೆಯನ್ನೂ ತಗ್ಗಿಸುತ್ತದೆ. ತೊಡಕಿರುವುದು ಇಲ್ಲಿಯೇ. ಧನ ವಿದ್ಯುದಂಶದ ಜೆಲಟಿನ್ನನ್ನೂ ಋಣ ವಿದ್ಯುದಂಶದ ಜಾಲಿಜಾತಿಯ ಗೋಂದನ್ನೂ ತುಸು ಆಮ್ಲೀಯವಾದ ಬೆಚ್ಚನೆಯ ನೀರಿನಲ್ಲಿ ಬೆರೆಸಿದರೆ, ಎರಡೂ ಸೇರಿ ಸೂಕ್ಷ್ಮ ಹನಿಗಳಾಗಿ ನೀರು ಹಾಲಿನಂತಾಗುತ್ತದೆ. ಈ ಬಗೆಯ ಬೇರ್ಪಡೆಗೆ ಡಚ್ ವಿಜ್ಞಾನಿಗಳಾದ ಬುಂಗೆನ್‌ಬರ್ಗ್ ಡಿ ಯಾಂಗ್ ಮತ್ತು ಕ್ರೂಯ್ಟ್ ಇವರು 1929ರಲ್ಲಿ ಕೋಅಸರ್ವೇಶನ್ ಎಂದು ಹೆಸರಿಟ್ಟರು. ಜೀವದ ಮೂಲವನ್ನು ಓಪಾರಿನ್ನರು ಅರಸಿದ್ದೂ ಇಂಥ ಹನಿಗಳಲ್ಲಿಯೇ. ಇಂದು ಇವು ಪ್ರೋಟೀನು, ಆರ್‌ಎನ್‌ಎ ಮೊದಲಾದ ಔಷಧಗಳನ್ನು ಹೊರಬಲ್ಲ ವಾಹನಗಳೆಂದು ಗಮನ ಸೆಳೆದಿವೆ. ಆದರೆ ರಕ್ತದ ಉಪ್ಪು ಲೀಟರಿಗೆ ಸುಮಾರು 9 ಗ್ರಾಂ ಸೋಡಿಯಂ ಕ್ಲೋರೈಡಿಗೆ ಸಮ. ಶುದ್ಧ ನೀರಿನಲ್ಲಿ ಸೊಗಸಾಗಿ ನಿಂತ ಹನಿ ಅಲ್ಲಿ ಕರಗಿಹೋದರೆ, ಔಷಧವು ಸೇರಬೇಕಾದೆಡೆಗೆ ಸೇರದು.

ಇದಕ್ಕೆ ಹೂಡಿದ ಉಪಾಯಗಳಲ್ಲಿ ಅಚ್ಚನ್ನಾಶ್ರಯಿಸಿದ ಪಾಲಿಮರೀಕರಣವೂ ಒಂದು. ಸಿದ್ಧವಾದ ಎರಡು ಸರಪಣಿಗಳನ್ನು ಬೆರೆಸಿದರೆ ಅವು ಆ ಕ್ಷಣವೇ ಅಡ್ಡಾದಿಡ್ಡಿ ತೊಡರಿಕೊಳ್ಳುವ ಸಂಭವ ಹೆಚ್ಚು. ಈ ವಿಧಾನದಲ್ಲಿ ಸಿದ್ಧವಾಗಿರುವುದು ಒಂದೇ ಸರಪಣಿ, ಅದೇ ಅಚ್ಚು. ಎದುರು ವಿದ್ಯುದಂಶದ ಬಿಡಿ ಅಣುಗಳು ಅದರ ಸುತ್ತ ನೆರೆದು, ಅಲ್ಲಿಯೇ ಒಂದಕ್ಕೊಂದು ಬೆಸೆದುಕೊಂಡು ಎರಡನೆಯ ಸರಪಣಿಯಾಗುತ್ತವೆ. ಬಿಡಿ ಅಣುವಿನ ಹಿಡಿತ ದುರ್ಬಲ. ಸರಪಣಿ ಬೆಳೆದಂತೆಲ್ಲ ಹಿಡಿತಗಳು ಕೂಡಿಕೊಂಡು ಬಲಗೊಳ್ಳುತ್ತವೆ. ಒಂದು ಉದ್ದವನ್ನು ಮೀರಿದೊಡನೆ ಹನಿ ಬೇರ್ಪಡುತ್ತದೆ. ಅಚ್ಚಿಗೆ ಮೊದಲೇ ಜೋಡಿಸಿದ, ವಿದ್ಯುದಂಶವಿಲ್ಲದ ಜಲಪ್ರಿಯ ಬಾಲವೊಂದು ಹೊರಗವಚವಾಗಿ ನಿಂತು, ಹನಿಗಳು ಒಂದರೊಳಗೊಂದು ಸೇರಿ ದೊಡ್ಡದಾಗದಂತೆ ತಡೆಯುತ್ತದೆ.

ಅಚ್ಚೊಂದರಿಂದಲೇ ಉಪ್ಪಿಗೆ ಪ್ರತಿರೋಧ ಬಂದೀತೆಂದು ನಾವು ಒಪ್ಪಲಾರೆವು. ವಿದ್ಯುದಂಶದ ಬೆಸುಗೆ ಹೇಗೆ ಹುಟ್ಟಿದರೂ ಉಪ್ಪಿಗೆ ಸಡಿಲುವಂಥದೇ. ಜಲಜನಕ ಬಂಧ, ನೀರನ್ನೊಲ್ಲದ ಪಾರ್ಶ್ವಭಾಗಗಳು, ಅಥವಾ ಸರಪಣಿಗಳನ್ನು ಹೆಣೆಯುವ ಅಡ್ಡಕೊಂಡಿಗಳು ಅದಕ್ಕೆ ಬೆಂಬಲವಾಗಬೇಕು. ಅಡ್ಡಕೊಂಡಿಗಳನ್ನು ಬೆಳವಣಿಗೆಯ ಹೊತ್ತಿನಲ್ಲಿಯೇ ಸೇರಿಸಬಹುದೆಂಬುದು ಈ ವಿಧಾನದ ನಿಜವಾದ ಲಾಭ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 12ನೆಯ ಶತಮಾನದಲ್ಲಿಯೇ ಮೇಣದ ಮಾದರಿಯಿಂದ ಲೋಹವಿಗ್ರಹವನ್ನು ಎರೆಯುವ ಕ್ರಮವನ್ನು ವಿವರಿಸಿದೆ. ಅಲ್ಲಿ ಮೇಣ ಕರಗಿ ಹೊರಟರೂ ಆಕೃತಿ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ: ಪ್ರಬಲವಾದ ಉಪ್ಪುನೀರು ಅಚ್ಚಿನ ಸರಪಣಿಯನ್ನು ಕಳಚಿದರೂ, ಹೆಣೆದುಕೊಂಡ ಬಲೆ ಚೆದುರದೆ ನಿಲ್ಲುತ್ತದೆ, ಆಗ ಅದು ಹನಿಗಿಂತ ಜೆಲ್ಲಿಯ ಕಣವೆನ್ನುವುದೇ ಸರಿ.

ಹೆಣಿಗೆ ಅತಿಯಾದರೆ ಔಷಧ ಒಳಗೇ ಸೆರೆಯಾಗುತ್ತದೆ. ಆದಕಾರಣ ಗಂಧಕದ ಎರಡು ಪರಮಾಣುಗಳ ಬೆಸುಗೆಯುಳ್ಳ ಕೊಂಡಿಗಳನ್ನು ಆರಿಸುವುದುಂಟು; ರಕ್ತದಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿರುವ ಇವನ್ನು ಜೀವಕೋಶದೊಳಗಿನ ಗ್ಲುಟಥಯೋನ್ ಕಡಿದುಹಾಕುತ್ತದೆ.