ಕುಸ್ತಿ ನೋಡಲು ಮೈಸೂರೋ, ಸುತ್ತೂರೋ?

ನಂಜನಗೂಡು, ತಿ. ನರಸೀಪುರ ಕಡೆಯ ಕುಸ್ತಿ ಅಭಿಮಾನಿಗಳಿಗೆ ವರ್ಷಕ್ಕೆ ಎರಡು ದೊಡ್ಡ ಅಖಾಡಗಳು ಹತ್ತಿರದಲ್ಲೇ ಸಿಗುತ್ತವೆ. ಒಂದು, ನವರಾತ್ರಿಯಲ್ಲಿ ಮೈಸೂರು ನಗರದ ನಡುವೆ, ದೊಡ್ಡಕೆರೆ ಮೈದಾನದ ಬಳಿಯ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕುಸ್ತಿ. ಇನ್ನೊಂದು, ಪುಷ್ಯ ಮಾಸದ ಕೊನೆಗೆ ಕಪಿಲಾ ತೀರದ ಸುತ್ತೂರಿನಲ್ಲಿ ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆಯ ಅಂಗವಾಗಿ ನಡೆಯುವ ಕುಸ್ತಿ. ಎರಡರ ನಡುವಿನ ದೂರ ಸುಮಾರು 30 ಕಿ.ಮೀ. ಎರಡೂ ಕಡೆ ಮಣ್ಣಿಗಿಳಿಯುವವರಲ್ಲಿ ಎಷ್ಟೋ ಜನ ಒಂದೇ ಗರಡಿಗಳ ಹುಡುಗರು. ಆದರೂ ನೋಡುವವರ ಪಾಲಿಗೆ ಎರಡೂ ಕಡೆಯ ಅನುಭವ ಬೇರೆ ಬೇರೆ. ಮೊದಲ ಸಲ ಕುಸ್ತಿ ನೋಡಲು ಹೊರಟವರು ಎಲ್ಲಿಗೆ ಹೋಗಬೇಕು, ಎಲ್ಲಿ ಕೂರಬೇಕು, ಏನು ಗಮನಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಯಾವಾಗ, ಎಷ್ಟು ದಿನ?

ದಸರಾ ಕುಸ್ತಿ ಸಾಮಾನ್ಯವಾಗಿ ನವರಾತ್ರಿಯ ಮೊದಲ ದಿನವೇ ಶುರುವಾಗಿ ಹಲವು ದಿನ ನಡೆಯುತ್ತದೆ. ಮಧ್ಯಾಹ್ನದ ಮೇಲೆ ಜೋಡಿಗಳು ಕಣಕ್ಕಿಳಿಯುತ್ತವೆ. ಒಂದು ದಿನ ತಪ್ಪಿದರೆ ಮರುದಿನ ಹೋಗಬಹುದು, ಕಚೇರಿ ಮುಗಿಸಿಕೊಂಡೂ ಕೊನೆಯ ಕೆಲವು ಜೋಡಿಗಳನ್ನು ನೋಡಬಹುದು. ನಗರದ ಅಖಾಡ ಕೊಡುವ ದೊಡ್ಡ ಅನುಕೂಲ ಇದು.

ಸುತ್ತೂರು ಜಾತ್ರೆ ಪುಷ್ಯ ಬಹುಳ ದ್ವಾದಶಿಗೆ ಆರಂಭವಾಗಿ ಆರು ದಿನ ನಡೆಯುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇದು ಜನವರಿ ನಡುವಿನಿಂದ ಫೆಬ್ರವರಿ ಮೊದಲ ಭಾಗದೊಳಗೆ ಬರುತ್ತದೆ: 2024ರಲ್ಲಿ ಫೆಬ್ರವರಿ 6ಕ್ಕೆ, 2025ರಲ್ಲಿ ಜನವರಿ 26ಕ್ಕೆ ಆರಂಭವಾಗಿತ್ತು. ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವ, ಸಾಮೂಹಿಕ ವಿವಾಹ, ದನಗಳ ಜಾತ್ರೆ, ಕೃಷಿ ಮೇಳ, ಭಜನಾ ಮೇಳ ಎಲ್ಲವೂ ಈ ಆರು ದಿನಗಳಲ್ಲೇ. ಇವುಗಳ ನಡುವೆ ಕುಸ್ತಿಗೆ ಗೊತ್ತುಮಾಡಿದ ಹೊತ್ತು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಆದ್ದರಿಂದ ಜಾತ್ರೆಯ ಆಮಂತ್ರಣ ಕೈಗೆ ಸಿಕ್ಕ ಕೂಡಲೇ ಕುಸ್ತಿ ಎಂದು ಅಚ್ಚಾಗಿರುವ ದಿನ ಮತ್ತು ಗಂಟೆಯನ್ನು ಗುರುತು ಹಾಕಿಕೊಳ್ಳಿ.

ಋತುವೂ ಮುಖ್ಯ. ನವರಾತ್ರಿಯ ಹೊತ್ತಿಗೆ ಮೈಸೂರಿನಲ್ಲಿ ಸಂಜೆ ಮಳೆ ಬರುವುದು ಹೊಸದಲ್ಲ. ಮಟ್ಟಿ, ಅಂದರೆ ಕುಸ್ತಿಯ ಮಣ್ಣಿನ ಕಣ, ನೆನೆದರೆ ಕಾಲು ಜಾರುತ್ತದೆ, ಹಿಡಿತ ನಿಲ್ಲುವುದಿಲ್ಲ, ಪಂದ್ಯ ನಿಂತೇ ಹೋಗಬಹುದು. ಪುಷ್ಯದಲ್ಲಿ ಆ ಚಿಂತೆ ಕಡಿಮೆ. ಕೊಯ್ಲು ಮುಗಿದ ಕಾಲ, ಒಣ ಹವೆ, ಉದುರುದುರಾದ ಮಣ್ಣು. ಆದರೆ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತದೆ, ಸಂಜೆಯಾಗುತ್ತಲೇ ಚಳಿ ಹಿಡಿಯುತ್ತದೆ. ಸುತ್ತೂರಿಗೆ ಹೋಗುವಾಗ ಹೆಗಲ ಮೇಲೊಂದು ಟವೆಲ್ ಇರಲಿ. ಬಿಸಿಲಿಗೆ ತಲೆಯ ಮೇಲೆ, ಸಂಜೆಗೆ ಕಿವಿಯ ಸುತ್ತ ಅದೇ ಸಾಕಾಗುತ್ತದೆ.

ಜೋಡಿ ಕಟ್ಟುವುದು

ಕುಸ್ತಿಯ ಅರ್ಧ ಸ್ವಾರಸ್ಯ ಇರುವುದು ಪಂದ್ಯಕ್ಕೆ ಮೊದಲು ನಡೆಯುವ ಈ ಕೆಲಸದಲ್ಲಿ. ನಾಡಕುಸ್ತಿಯಲ್ಲಿ ಚೀಟಿ ಎತ್ತಿ ಎದುರಾಳಿಯನ್ನು ಗೊತ್ತುಮಾಡುವುದಿಲ್ಲ. ಹಿರಿಯ ಉಸ್ತಾದರು ಸೇರಿ ಪೈಲ್ವಾನರ ಮೈಕಟ್ಟು, ತೂಕ, ಎತ್ತರ, ಹಿಂದೆ ಗೆದ್ದ ಕುಸ್ತಿ, ಸೋತ ಕುಸ್ತಿ ಎಲ್ಲವನ್ನೂ ತೂಗಿ ಸರಿಸಮಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಇಬ್ಬರೂ ಒಪ್ಪಿ ಕೈ ಕೊಟ್ಟರೆ ಜೋಡಿ ಕಟ್ಟಿದಂತೆ. ಎಳೆಯರಿಗೆ ಕಡಿಮೆ ನಿಮಿಷದ ಕುಸ್ತಿ, ನುರಿತವರಿಗೆ ಹೆಚ್ಚು ನಿಮಿಷದ್ದು. ಕೊನೆಯ ಆಕರ್ಷಣೆ ಮಾರ್ಫಿಟ್ ಕುಸ್ತಿ, ಅಂದರೆ ಸೋಲು-ಗೆಲುವು ಇತ್ಯರ್ಥವಾಗುವವರೆಗೆ ಬಿಡದೆ ಆಡುವ ಪಂದ್ಯ.

ದಸರಾ ಕುಸ್ತಿಗೆ ಜೋಡಿ ಕಟ್ಟುವ ಕಾರ್ಯಕ್ರಮವೇ ಬೇರೆಯಾಗಿ ನಡೆಯುತ್ತದೆ. ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ, ಯಾರ ಮೇಲೆ ಯಾರು ಎಂಬುದು ಮುಂಚೆಯೇ ತಿಳಿಯುತ್ತದೆ. ಪೈಲ್ವಾನನ ಹೆಸರಿನ ಜೊತೆಗೆ ಊರಿನ ಹೆಸರೋ ಗರಡಿಯ ಹೆಸರೋ ಇದ್ದೇ ಇರುತ್ತದೆ. ‘ಭೂತಪ್ಪನವರ ಗರಡಿ’, ‘ಹತ್ತು ಜನರ ಗರಡಿ’ ಎಂದು ಕೂಗಿದ ಕೂಡಲೇ ಜನರ ನಡುವೆ ಒಂದು ಮೂಲೆಯಿಂದ ಶಿಳ್ಳೆ ಏಳುವುದು ಅದಕ್ಕೇ. ಆ ಪಟ್ಟಿಯನ್ನು ಓದಿಕೊಂಡು ಹೋದವರಿಗೆ ಕುಸ್ತಿ ಎರಡು ಪಟ್ಟು ರುಚಿಸುತ್ತದೆ. ಸುತ್ತೂರಿನಲ್ಲಿ ಅಷ್ಟು ಸಿದ್ಧತೆ ಮಾಡಿಕೊಂಡು ಹೋಗುವುದು ಕಷ್ಟ. ಅಲ್ಲಿ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಬೇಕು. ‘ಯಜಮಾನ್ರೇ, ಆ ಕೆಂಪು ಚಡ್ಡಿ ಯಾವೂರಿನವ?’ ಎಂದರೆ ಸಾಕು, ಹುಡುಗನ ಊರು, ಅವನ ಉಸ್ತಾದ್, ಹೋದ ವರ್ಷ ಯಾವ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದ ಎಂಬುದೆಲ್ಲ ಹೊರಬರುತ್ತದೆ.

ಮಟ್ಟಿ ಮತ್ತು ಮ್ಯಾಟ್

ದಸರಾದಲ್ಲಿ ಎರಡೂ ಬಗೆಯ ಕುಸ್ತಿ ನಡೆಯುತ್ತದೆ: ಮಟ್ಟಿಯ ಮೇಲೆ ನಾಡಕುಸ್ತಿ, ಮ್ಯಾಟ್ ಮೇಲೆ ಪಾಯಿಂಟ್ ಕುಸ್ತಿ. ಪಾಯಿಂಟ್ ಕುಸ್ತಿ ಅಂತರರಾಷ್ಟ್ರೀಯ ನಿಯಮದ್ದು. 9 ಮೀಟರ್ ಅಡ್ಡಳತೆಯ ವೃತ್ತ, ತಲಾ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿತ ಸಾಧಿಸಿದರೆ 2 ಅಂಕ, ವೃತ್ತದಾಚೆ ತಳ್ಳಿದರೆ 1 ಅಂಕ, ಎತ್ತಿ ಒಗೆದರೆ 4 ಅಥವಾ 5. ಫ್ರೀಸ್ಟೈಲಿನಲ್ಲಿ 10 ಅಂಕಗಳ ಅಂತರ ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ‘ದಸರಾ ಕೇಸರಿ’, ‘ದಸರಾ ಕಂಠೀರವ’, ‘ದಸರಾ ಕುಮಾರ’, ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಎಂಬ ಬಿರುದುಗಳಿವೆ. ಮಗಳಿಗೆ ಕುಸ್ತಿಯ ಆಸೆ ಇದ್ದರೆ ಮೊದಲು ಕರೆದುಕೊಂಡು ಹೋಗಬೇಕಾದದ್ದು ಮೈಸೂರಿಗೆ. ತನ್ನ ವಯಸ್ಸಿನ ಹುಡುಗಿಯರು ಮ್ಯಾಟ್ ಮೇಲೆ ಸೆಣಸುವುದನ್ನು ಅವಳು ಕಣ್ಣಾರೆ ನೋಡಬೇಕು.

ನಾಡಕುಸ್ತಿಗೆ ಅಂಕಗಳಿಲ್ಲ. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಬೇಕು, ಅದೇ ಚಿತ್. ಮಟ್ಟಿಯ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಕುಂಕುಮ, ನಿಂಬೆರಸದಂಥವನ್ನು ಬೆರೆಸಿ ಹದ ಮಾಡಿರುತ್ತಾರೆ. ಬಿದ್ದಾಗ ಮೂಳೆಗೆ ಪೆಟ್ಟಾಗಬಾರದು, ತರಚಿದ ಗಾಯ ಕೀವಾಗಬಾರದು, ಬೆವರಿದ ಮೈ ಕೈಗೆ ಸಿಗಬೇಕು. ಇಳಿದ ಕೂಡಲೇ ಪೈಲ್ವಾನರು ಮಣ್ಣು ಮುಟ್ಟಿ ಹಣೆಗೊತ್ತಿ, ಒಂದು ಹಿಡಿ ಎತ್ತಿ ಎದುರಾಳಿಯ ತೋಳಿಗೆ ಸವರುವುದು ಶಾಸ್ತ್ರವೂ ಹೌದು, ಜಾರದ ಹಿಡಿತಕ್ಕೆ ಉಪಾಯವೂ ಹೌದು.

ಹೊಸಬರಿಗೆ ನಾಡಕುಸ್ತಿ ಬೇಸರ ತರಿಸುವ ಗಳಿಗೆ ಒಂದಿದೆ. ಒಬ್ಬ ಹೊಟ್ಟೆಯಡಿಯಾಗಿ ನೆಲ ಕಚ್ಚಿ ಮಲಗಿಬಿಡುತ್ತಾನೆ, ಇನ್ನೊಬ್ಬ ಬೆನ್ನ ಮೇಲೆ ಕೂತಿರುತ್ತಾನೆ, ನಿಮಿಷಗಟ್ಟಲೆ ಏನೂ ನಡೆಯದಂತೆ ಕಾಣುತ್ತದೆ. ನಿಜಕ್ಕೂ ಎಲ್ಲವೂ ನಡೆಯುವುದು ಆಗಲೇ. ಮೇಲಿನವನ ಒಂದು ಕೈ ಕೆಳಗಿನವನ ಚಡ್ಡಿಯ ಪಟ್ಟಿಯನ್ನು ಹುಡುಕುತ್ತಿರುತ್ತದೆ, ಇನ್ನೊಂದು ಕೈ ಕುತ್ತಿಗೆಯ ಕೆಳಗೆ ತೂರಲು ನೋಡುತ್ತಿರುತ್ತದೆ. ಎರಡೂ ಸಿಕ್ಕರೆ ಒಂದೇ ಜಗ್ಗಿಗೆ ಮಗುಚುತ್ತಾನೆ. ಹೀಗೆ ಮಗುಚುವ ವರಸೆಗೆ ಗಿಸ್ಸಾ ಎನ್ನುತ್ತಾರೆ. ಕೆಳಗಿನವನು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಗದ್ದವನ್ನು ಎದೆಗೆ ಅವುಚಿ, ಆ ಎರಡು ದಾರಿಗಳನ್ನೂ ಮುಚ್ಚುತ್ತಾನೆ. ಆಗ ತೀರ್ಪುಗಾರರನ್ನು ನೋಡಿ: ಮಂಡಿಯೂರಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಗ್ಗಿ, ಭುಜಕ್ಕೂ ನೆಲಕ್ಕೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಹುಡುಕುತ್ತಿರುತ್ತಾರೆ. ಚಿತ್ ಆಯಿತೋ ಇಲ್ಲವೋ ಎಂಬ ವಾದಗಳೆಲ್ಲ ಹುಟ್ಟುವುದು ಆ ಒಂದು ಬೆರಳಿನ ಸಂದಿನಲ್ಲಿ.

ಎಲ್ಲಿ ಕೂರಬೇಕು?

ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತರೆ ಕಣ್ಣು ಮೇಲಿನಿಂದ ಬೀಳುತ್ತದೆ. ಕಾಲಿನ ಚಲನೆ, ಇಬ್ಬರ ನಡುವಿನ ಅಂತರ, ಯಾರು ಯಾರನ್ನು ಅಂಚಿಗೆ ಒತ್ತುತ್ತಿದ್ದಾರೆ ಎಂಬುದೆಲ್ಲ ಸ್ಪಷ್ಟ. ಢಾಕ್‌ನಂಥ ಪಟ್ಟಿನಲ್ಲಿ ಕುತ್ತಿಗೆಗೆ ಕೈ ಹಾಕಿ ಸೊಂಟದ ಮೇಲಿಂದ ಎತ್ತಿ ಒಗೆಯುವುದು ಮೊದಲಿಂದ ಕೊನೆಯವರೆಗೆ ಕಾಣುತ್ತದೆ. ಪಟ್ಟುಗಳನ್ನು ಗುರುತಿಸಲು ಕಲಿಯುವವರಿಗೆ ಇದೇ ಒಳ್ಳೆಯ ಜಾಗ. ತೀರಾ ಹಿಂದೆಯೂ ಅಲ್ಲ, ತೀರಾ ಮುಂದೆಯೂ ಅಲ್ಲ, ನಡುವಿನ ಮೆಟ್ಟಿಲು ಹಿಡಿಯಿರಿ.

ಜಾತ್ರೆಯ ಕಣದಲ್ಲಿ ಲೆಕ್ಕ ಬೇರೆ. ಮಟ್ಟಿಯ ಸುತ್ತ ಮೊದಲ ಸಾಲುಗಳವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಹಿಂದಿನವರು ನಿಲ್ಲುತ್ತಾರೆ. ಮುಂದೆ ಜಾಗ ಸಿಕ್ಕರೆ ಪೈಲ್ವಾನರ ಏದುಸಿರು, ತೊಡೆ ತಟ್ಟಿದ ಸದ್ದು, ಉಸ್ತಾದ್ ಪಿಸುಗುಡುವ ಸೂಚನೆ ಎಲ್ಲ ಕಿವಿಗೆ ಬೀಳುತ್ತವೆ. ಹಿಂದೆ ಸಿಕ್ಕಿಕೊಂಡರೆ ಮುಂದಿನವರ ತಲೆ ಮಾತ್ರ ಕಾಣುತ್ತದೆ. ಆದ್ದರಿಂದ ಮೊದಲ ಜೋಡಿ ಇಳಿಯುವ ಒಂದು ಗಂಟೆ ಮುಂಚೆಯೇ ಹೋಗಿ. ಪಶ್ಚಿಮದ ಕಡೆ ಕೂರಿ. ಮಧ್ಯಾಹ್ನ ಇಳಿದಂತೆ ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಮುಂದಿನ ಸಾಲಿನಲ್ಲೇ ಕೂರಿಸಿ. ನಿಂತವರ ನಡುವೆ ಅವರಿಗೆ ಏನೂ ಕಾಣದು.

ಹೋಗಿ ಬರುವ ದಾರಿ

ಮೈಸೂರಿನ ಕ್ರೀಡಾಂಗಣ ಅರಮನೆಯ ಹತ್ತಿರ, ವಸ್ತುಪ್ರದರ್ಶನ ಆವರಣದ ಪಕ್ಕ. ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಕುಸ್ತಿ ತಡವಾದರೂ ನಂಜನಗೂಡಿನ ಕಡೆಗೆ, ನರಸೀಪುರದ ಕಡೆಗೆ ಬಸ್ ಸಿಗುತ್ತದೆ. ಕಷ್ಟವಿರುವುದು ಸ್ವಂತ ವಾಹನದವರಿಗೆ. ದಸರಾ ದೀಪಾಲಂಕಾರ ನೋಡಲು ಬಂದ ಜನದಲ್ಲಿ ಆ ರಸ್ತೆಗಳು ತುಂಬಿಹೋಗುತ್ತವೆ, ಏಕಮುಖ ಸಂಚಾರ ಜಾರಿಯಲ್ಲಿರುತ್ತದೆ. ಗಾಡಿಯನ್ನು ಊರ ಅಂಚಿನಲ್ಲೇ ಬಿಟ್ಟು ಬಸ್ ಹತ್ತುವುದು ವಾಸಿ.

ಸುತ್ತೂರಿಗೆ ರೈಲಿಲ್ಲ. ಹತ್ತಿರದ ನಿಲ್ದಾಣ ಮೈಸೂರು–ಚಾಮರಾಜನಗರ ಮಾರ್ಗದ ನಂಜನಗೂಡು. ಜಾತ್ರೆಗೆ ಹೆಚ್ಚುವರಿ ಬಸ್ಸುಗಳು ಓಡುತ್ತವೆ. ಹೋಗುವಾಗ ತೊಂದರೆಯಿಲ್ಲ, ಮರಳುವಾಗ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಬಂದಿಳಿದ ಕೂಡಲೇ ವಾಪಸ್ ಬಸ್ ಎಲ್ಲಿ ನಿಲ್ಲುತ್ತದೆ, ಕೊನೆಯದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಟ್ಟುಕೊಳ್ಳಿ. ಊಟದ ಚಿಂತೆ ಮಾತ್ರ ಬೇಡ. ಸುತ್ತೂರು ಮಠದ ದಾಸೋಹದಲ್ಲಿ ಬಂದವರಿಗೆಲ್ಲ ಪ್ರಸಾದವಿದೆ. ಕುಸ್ತಿ ಬೇಡವೆನ್ನುವ ಮನೆಮಂದಿ ಕೃಷಿ ಮೇಳದಲ್ಲೋ ದನಗಳ ಜಾತ್ರೆಯಲ್ಲೋ ಹೊತ್ತು ಕಳೆಯಬಹುದು. ಮೈಸೂರಿನಲ್ಲಿ ಆ ಕೆಲಸವನ್ನು ವಸ್ತುಪ್ರದರ್ಶನ ಮಾಡುತ್ತದೆ.

ಜನಜಂಗುಳಿಯ ಎಚ್ಚರ

ಮೈಸೂರಿನ ಅಖಾಡ ನಗರದ ನಡುವೆ, ಸುತ್ತೂರಿನದು ಬಯಲಿನಲ್ಲಿ. ಆಟದ ಕಣ ಊರೊಳಗಿರಬೇಕೇ, ಊರಾಚೆಗಿರಬೇಕೇ ಎಂಬ ಪ್ರಶ್ನೆ ಎಲ್ಲ ಕಡೆಯೂ ಇದೆ. ಪುಣೆಯಲ್ಲಿ ಊರೊಳಗಿನ ನೆಹರೂ ಕ್ರೀಡಾಂಗಣದ ದೊಡ್ಡ ಕ್ರಿಕೆಟ್ ಪಂದ್ಯಗಳು ಈಗ ಮುಂಬೈ ಹೆದ್ದಾರಿ ಬದಿಯ ಗಹುಂಜೆಯಲ್ಲಿ ನಡೆಯುತ್ತವೆ. ಊರೊಳಗಾದರೆ ಬಸ್ಸು, ಮೆಟ್ರೊ, ಹೋಟೆಲು ಹತ್ತಿರ. ಊರಾಚೆಯಾದರೆ ಜಾಗ ಧಾರಾಳ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ ಈ ಪ್ರಶ್ನೆ ನಮ್ಮ ರಾಜ್ಯದಲ್ಲೂ ಗಂಭೀರವಾಗಿದೆ. ಕುಸ್ತಿಗೆ ಹೋಗುವವರಿಗೂ ಅದರಲ್ಲಿ ಪಾಠವಿದೆ. ಕ್ರೀಡಾಂಗಣದಲ್ಲಿ ಕೂರುವ ಮುನ್ನ ಹೊರಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಿ. ಜಾತ್ರೆಯಲ್ಲಿ ಬಯಲು ವಿಶಾಲವಾದರೂ ಮಟ್ಟಿಯ ಸುತ್ತ ಜನ ಒತ್ತಿಕೊಂಡಿರುತ್ತಾರೆ; ಮಕ್ಕಳ ಕೈ ಬಿಡಬೇಡಿ, ಗೆದ್ದವನನ್ನು ಹೆಗಲ ಮೇಲೆ ಹೊರಲು ಜನ ನುಗ್ಗುವಾಗ ಪಕ್ಕಕ್ಕೆ ಸರಿಯಿರಿ.

ಹಾಗಾದರೆ ಎಲ್ಲಿಗೆ?

ಪಟ್ಟು ತಿಳಿಯಬೇಕು, ನಾಡಕುಸ್ತಿ ಮತ್ತು ಪಾಯಿಂಟ್ ಕುಸ್ತಿಯ ವ್ಯತ್ಯಾಸ ನೋಡಬೇಕು, ನಿಮಗೆ ಬಿಡುವಾದ ದಿನ ಹೋಗಬೇಕು ಎಂದರೆ ಮೈಸೂರು. ಕುಸ್ತಿಯ ಕಾವನ್ನು ಹತ್ತಿರದಿಂದ ಅನುಭವಿಸಬೇಕು, ತಿಳಿದವರ ಪಕ್ಕ ಕೂತು ಕೇಳಬೇಕು ಎಂದರೆ ಸುತ್ತೂರು. ನನ್ನ ಸಲಹೆ: ನವರಾತ್ರಿಯಲ್ಲಿ ಮೈಸೂರಿಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ, ಪುಷ್ಯದಲ್ಲಿ ಸುತ್ತೂರಿಗೆ ಹೋಗಿ.

ಎರಡೂ ಕಡೆ ಹೋಗಿ ಎನ್ನಲು ಇನ್ನೊಂದು ಕಾರಣವಿದೆ. ಪೈಲ್ವಾನನ ಊಟದ ಖರ್ಚು ಸಾಮಾನ್ಯ ಮನೆಯಿಂದ ಭರಿಸುವಂಥದ್ದಲ್ಲ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ ವರ್ಷವಿಡೀ ಬೇಕು. ದಸರಾದ ಬಿರುದು ಹೆಸರು ತರುತ್ತದೆ. ಆದರೆ ನವರಾತ್ರಿ ಬರುವುದು ವರ್ಷಕ್ಕೊಮ್ಮೆ, ಬಿರುದು ಸಿಗುವುದು ಕೆಲವರಿಗೆ. ಸಂಕ್ರಾಂತಿಯಿಂದಾಚೆ ಮೈಸೂರು, ಮಂಡ್ಯ, ಚಾಮರಾಜನಗರದ ಊರೂರ ಜಾತ್ರೆಗಳಲ್ಲಿ ನಡೆಯುವ ಕುಸ್ತಿಗಳೇ ಉಳಿದವರ ಕೈಗೆ ನಾಲ್ಕು ಕಾಸು ಹಾಕುವುದು, ಹುಡುಗರನ್ನು ಗರಡಿಯಲ್ಲಿ ಉಳಿಸುವುದು. ಜನ ಸೇರದ ಜಾತ್ರೆಯಲ್ಲಿ ಮುಂದಿನ ವರ್ಷ ಕುಸ್ತಿ ಇಡುವವರು ಹಿಂಜರಿಯುತ್ತಾರೆ. ಊರ ಕಣಗಳು ಒಂದೊಂದಾಗಿ ನಿಂತರೆ ದಸರೆಯಲ್ಲಿ ಜೋಡಿ ಕಟ್ಟಲು ಹುಡುಗರು ಎಲ್ಲಿಂದ ಬರಬೇಕು? ಕುಸ್ತಿ ಉಳಿಯಲಿ ಎನ್ನುವವರು ಮೊದಲು ಮಾಡಬೇಕಾದ್ದು ಇಷ್ಟೇ: ಕಣದ ಸುತ್ತ ಹೋಗಿ ಕೂರುವುದು, ಗೆದ್ದವನಿಗೂ ಸೋತವನಿಗೂ ಚಪ್ಪಾಳೆ ತಟ್ಟುವುದು, ಮನೆಯ ಒಂದು ಮಗುವನ್ನಾದರೂ ಜೊತೆಗೆ ಕರೆದೊಯ್ಯುವುದು.